ಇಬ್ಬರೂ ಒಂದು, ಇಬ್ಬರೂ ಎರಡು

ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಮುನಿಸು ಬಂದರೆ ಮಾತು ನನ್ನ ಮೂಲಕವೇ ಹೋಗಬೇಕು. ಒಂದು ಕೋಣೆಯಲ್ಲಿ ಭಾವ, ಪಕ್ಕದ ಕೋಣೆಯಲ್ಲಿ ನನ್ನ ಗಂಡ, ನಡುವಿನ ಬಾಗಿಲಲ್ಲಿ ನಾನು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೂ "ಅವನಿಗೆ ಹೇಳಮ್ಮಾ" ಅಂತ ಒಬ್ಬರು, "ಅಣ್ಣನಿಗೆ ಹೇಳೇ" ಅಂತ ಇನ್ನೊಬ್ಬರು. ಒಳ್ಳೆಯ ಗಂಡಸರೇ, ಆದರೆ ಎದುರೆದುರು ಸೋಲಲಾರರು. ಸೋಲುವುದಿದ್ದರೆ ಕದ್ದು ಸೋಲುತ್ತಾರೆ. ಮುಂಬಾಗಿಲಿಗೆ ಹಸಿರು ಬಣ್ಣವೋ ನೀಲಿಯೋ ಎಂದು ಒಮ್ಮೆ ಸೂರು ಹಾರಿಹೋಗುವಂತೆ ಜಗಳವಾಡಿದ್ದರು. ಮಾರನೆಯ ದಿನ ಹಸಿರು ಬೇಕೆಂದವರು ನೀಲಿ ಡಬ್ಬಿ ತಂದರು, ನೀಲಿ ಬೇಕೆಂದವರು ಹಸಿರು ಡಬ್ಬಿ ತಂದರು. ಒಬ್ಬರಿಗೊಬ್ಬರು ಒಂದು ಮಾತೂ ಹೇಳಿರಲಿಲ್ಲ.

ಈ ಸಲದ ಮುನಿಸಿಗೆ ಕಾರಣ ಅಕ್ಕನ ಹಳೆಯ ಕಂಪ್ಯೂಟರು. ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಅಂಗಡಿಯಲ್ಲಿ ಸಿಗುವ ಬಟ್ಟೆ ಯಾರಿಗೆ ಹೊಂದುವುದಿಲ್ಲವೋ ಅವರಿಗಾಗಿ ಹೊಲಿಯುವವಳು ಅವಳು. ಒಂದು ಭುಜ ಇಳಿದವರು, ಗಾಲಿಕುರ್ಚಿಯಲ್ಲಿ ಕೂತೇ ಇರುವವರು, ಒಂದು ತೋಳಿಲ್ಲದವರು. ಒಬ್ಬೊಬ್ಬರ ಮೈಗೂ ಬಟ್ಟೆ ಕತ್ತರಿಸಲು ಒಂದೊಂದು ನಕ್ಷೆ, ತೊಡಿಸಿ ಬಿಚ್ಚಿ, ಮತ್ತೆ ಮತ್ತೆ ತಿದ್ದಿ ಮಾಡಿದ್ದು. ವರ್ಷಗಟ್ಟಲೆಯ ಆ ನಕ್ಷೆಗಳೆಲ್ಲ ಇದ್ದದ್ದು ಆ ಒಂದೇ ಕಂಪ್ಯೂಟರಿನಲ್ಲಿ.

ಬೆಳಿಗ್ಗೆ ಅದು ಕಟ ಕಟ ಎಂದು ಹಲ್ಲು ಕಡಿಯತೊಡಗಿತು. ರಿಪೇರಿಯವರಿಗೆ ಫೋನು ಮಾಡಿದೆವು.

"ಆಫ್ ಮಾಡ್ಬೇಡಿ," ಅಂದರು. "ಮಾಡಿದ್ರೆ ಮತ್ತೆ ಏಳುತ್ತೆ ಅಂತ ನಾನು ಮಾತು ಕೊಡಲ್ಲ. ಅಲ್ಲಾಡಿಸ್ಲೂ ಬೇಡಿ. ಮೊದ್ಲು ಒಳಗಿರೋದನ್ನ ಆಚೆ ತೆಗೀರಿ."

ತೆಗೆಯುವುದು ಹೇಗೆ? ಪೆನ್‌ಡ್ರೈವ್ ಹಾಕಿದರೆ ಅದು ಗುರುತು ಹಿಡಿಯುವುದನ್ನು ಬಿಟ್ಟು ಯಾವ ಕಾಲವಾಯಿತೋ. ಉಳಿದಿದ್ದ ದಾರಿ ಒಂದೇ: ಅದರ ಬೆನ್ನಿಗೊಂದು ನೆಟ್‌ವರ್ಕ್ ಕೇಬಲ್ ಚುಚ್ಚಿ, ಬಾಗಿಲ ಸಂದಿಯಲ್ಲಿ ಎಳೆದು, ಪಕ್ಕದ ಕೋಣೆಯಲ್ಲಿದ್ದ ನನ್ನ ಗಂಡನ ಹೊಸ ಕಂಪ್ಯೂಟರಿಗೆ ನೇರ ಜೋಡಿಸುವುದು. ಕೇಬಲ್ಲೂ ಮನೆಯಲ್ಲಿತ್ತು. ಆದರೆ ಅಷ್ಟರಲ್ಲಿ ನನ್ನ ಗಂಡ ಬಾಯಿ ಬಿಟ್ಟುಬಿಟ್ಟರು.

"ಎಷ್ಟು ಸಲ ಬಡ್ಕೊಂಡೆ, ಒಂದು ಕಾಪಿ ಇಟ್ಕೊಳ್ಳಿ ಅಂತ!"

"ಹಾಳು ಬಾವಿಗೆ ಬಿದ್ರೆ ಆಳಿಗೊಂದು ಕಲ್ಲು. ಮೊದಲನೇ ಕಲ್ಲು ಇವನದೇ," ಅಂದರು ಭಾವ. ಅಲ್ಲಿಗೆ ನೇರ ಮಾತು ಮುಗಿಯಿತು, ನನ್ನ ಓಡಾಟ ಶುರುವಾಯಿತು.

ಅಕ್ಕ ಮಾತ್ರ ಕತ್ತರಿಸುವ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿಕೊಂಡು, ಕತ್ತರಿ ಹಿಡಿದು ನಿಂತೇ ಇದ್ದಳು. ಬೆನ್ನು ಬಾಗಿದ ಒಬ್ಬ ಹುಡುಗಿಯ ಫ್ರಾಕು ಅದು. ಮಾರನೆಯ ದಿನ ಅವಳು ಶಾಲೆಯ ವೇದಿಕೆ ಹತ್ತಿ ಹಾಡಬೇಕಿತ್ತು. "ನೀವು ಹೊಲಿದಿದ್ದು ಹಾಕ್ಕೊಂಡ್ರೆ ಯಾರೂ ನನ್ನ ಬೆನ್ನು ನೋಡಲ್ಲ ಆಂಟಿ, ನನ್ನನ್ನ ನೋಡ್ತಾರೆ" ಎಂದಿದ್ದಳಂತೆ. ಆ ಬೆನ್ನಿನ ನಕ್ಷೆ ಇಲ್ಲದೆ ಅಕ್ಕ ಬಟ್ಟೆಗೆ ಕತ್ತರಿ ಹಾಕುವ ಹಾಗಿರಲಿಲ್ಲ.

ಕೇಬಲ್ ಚುಚ್ಚಿದರೆ ಅದರ ಪಕ್ಕದ ಪುಟ್ಟ ದೀಪ ಹತ್ತಲಿಲ್ಲ.

"ಅಣ್ಣನಿಗೆ ಹೇಳು, ಸರಿಯಾಗಿ ಒತ್ತಿಲ್ಲ."

"ಒತ್ತಿದ್ದೀನಿ ಅಂತ ಹೇಳಮ್ಮಾ. ಅವನ ಕಡೇದು ನೋಡ್ಕೊಳ್ಳೋಕೆ ಹೇಳು."

ನಾನೇ ಬಗ್ಗಿ ನೋಡಿದೆ. ಭಾವನ ಕಡೆಯ ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಕೈಬಿಟ್ಟ ಕೂಡಲೇ ಹಿಂದಕ್ಕೆ ಜಾರುತ್ತಿತ್ತು. ಅಕ್ಕನ ಚೂರುಬಟ್ಟೆಯ ಬುಟ್ಟಿಯಿಂದ ಒಂದು ತುಂಡು ತೆಗೆದು, ಮಡಚಿ, ಸಂದಿಯಲ್ಲಿ ತುರುಕಿದೆ. ಹಸಿರು ದೀಪ ಮಿಣುಕಿತು. ನನಗೆ ನನ್ನ ಬೆನ್ನನ್ನೇ ತಟ್ಟಿಕೊಳ್ಳೋಣ ಅನ್ನಿಸಿತು.

ಆದರೂ ಎರಡು ಕಂಪ್ಯೂಟರೂ ಒಂದಕ್ಕೊಂದು ಕಾಣಿಸಲಿಲ್ಲ. ಮತ್ತೆ ರಿಪೇರಿಯವರಿಗೆ ಫೋನು.

"ಎರಡಕ್ಕೂ ನಾವೇ ವಿಳಾಸ ಕೊಡ್ಬೇಕು. ಬೀದಿ ಒಂದೇ, ಮನೆ ನಂಬರ್ ಬೇರೆ ಬೇರೆ. ಕೊನೇ ಅಂಕಿ ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು. ಅಷ್ಟೇ."

ಅಷ್ಟೇ ಅಂತೆ! ನಮ್ಮ ಮನೆ ಗೊತ್ತಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಹಿರಿಯರು ಅಂತ ಭಾವ ಒಂದು ಹಾಕಿದರು. ಹೊಸ ಯಂತ್ರವೇ ಯಜಮಾನ ಅಂತ ನನ್ನ ಗಂಡನೂ ಒಂದೇ ಹಾಕಿದರು. ಈ ವಿಳಾಸ ಬೇರೆಯವರ ಬಳಿ ಇದೆ ಎಂದು ಕಂಪ್ಯೂಟರು ಗದರಿತು.

"ಅವನಿಗೆ ಎರಡು ಮಾಡ್ಕೊಳ್ಳೋಕೆ ಹೇಳು."

"ಅಣ್ಣಂಗೇ ಹೇಳು."

"ನಿಮ್ಮಿಬ್ಬರ ಮಧ್ಯೆ ನಾನೇ ಒಂದು ಕೇಬಲ್ ಆಗಿಹೋದೆ," ಎಂದು ಗೊಣಗಿ ಟೀ ಇಡಲು ಅಡುಗೆಮನೆಗೆ ಹೋದೆ.

ಲೋಟ ಹಿಡಿದು ಬಂದಾಗ ಎರಡೂ ಕೋಣೆಗಳಲ್ಲಿ ಅದೇ ಗದರಿಕೆ ಇನ್ನೂ ಪರದೆಯ ಮೇಲಿತ್ತು. ಕಟ ಕಟ ಸದ್ದು ಜೋರಾಗಿತ್ತು.

"ಅಣ್ಣನಿಗೆ ಹೇಳು, ಇನ್ನು ಉಳಿದಿದ್ದು ಒಂದೇ. ಆಫ್ ಮಾಡಿ ಆನ್ ಮಾಡೋದು," ಎಂದರು ನನ್ನ ಗಂಡ, ಸೋತ ದನಿಯಲ್ಲಿ.

ಭಾವನ ಕೈ ಸ್ವಿಚ್ಚಿನ ಕಡೆ ಹೋಯಿತು.

"ಬೇಡ," ಅಂದಳು ಅಕ್ಕ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

ನನ್ನ ಕಣ್ಣು ಭಾವನ ಪರದೆಯ ಮೇಲೆ ಬಿತ್ತು. ಕೊನೆಯ ಅಂಕಿ ಎರಡು! ಟೀ ಲೋಟ ಅಲ್ಲೇ ಕುಕ್ಕಿ ಪಕ್ಕದ ಕೋಣೆಗೆ ಓಡಿದೆ. ಅಲ್ಲೂ ಎರಡು. ಹಸಿರು ಡಬ್ಬಿ, ನೀಲಿ ಡಬ್ಬಿ ಕಣ್ಣ ಮುಂದೆ ಬಂದವು.

"ರೀ, ಯಾವಾಗ ಎರಡು ಮಾಡಿದ್ರಿ?"

"ಈಗ ತಾನೇ," ಅಂದರು, ಕಳ್ಳ ಸಿಕ್ಕಿಬಿದ್ದ ಮುಖದಲ್ಲಿ. "ಅಣ್ಣ ದೊಡ್ಡವನಲ್ವಾ, ಹೋಗ್ಲಿ ಅಂತ."

"ಭಾವಾ, ನೀವು?"

"ಅವನೂ ಬೆಳಗಿಂದ ಒದ್ದಾಡ್ತಿದ್ದಾನಲ್ಲಮ್ಮ, ಪಾಪ."

ನನಗೆ ನಗು ಬಂತು, ಸಿಟ್ಟೂ ಬಂತು. "ಈಗ ನಾನು ಯಾರಿಗೂ ಏನೂ ಹೇಳಲ್ಲ. ಬಾಯಿ ಬಿಟ್ಟು ನೀವೇ ಹೇಳ್ಕೊಳ್ಳಿ," ಎಂದು ಬಾಗಿಲಲ್ಲೇ ಕುಕ್ಕರಿಸಿದೆ.

ಕಟ ಕಟ ಸದ್ದು ಇನ್ನೂ ಜೋರಾಯಿತು.

"ಅಣ್ಣಾ," ಎಂದರು ನನ್ನ ಗಂಡ. "ನೀನೇ ಒಂದಾಗು."

"ಆಯ್ತು ಕಣೋ. ನೀನು ಎರಡೇ ಇರು. ಮುಟ್ಬೇಡ ಮತ್ತೆ."

ಗದರಿಕೆ ಮಾಯವಾಯಿತು. ಹೊಸ ಪರದೆಯ ಮೇಲೆ ಹಳೆಯ ಕಂಪ್ಯೂಟರಿನ ಹೆಸರು ಮೂಡಿತು. ಅಕ್ಕನ ನಕ್ಷೆಗಳು ಒಂದೊಂದಾಗಿ ಈಚೆ ಬರತೊಡಗಿದವು. ಕಟ ಕಟ ನಿಂತಾಗೆಲ್ಲ ನಾಲ್ವರೂ ಉಸಿರು ಹಿಡಿಯುತ್ತಿದ್ದೆವು, ಮತ್ತೆ ಶುರುವಾದರೆ ಬಿಡುತ್ತಿದ್ದೆವು. ಕೊನೆಯದೂ ಬಂದ ಮೇಲೆ ಭಾವ ತಮ್ಮನ ಹೆಗಲ ಮೇಲೆ ಕೈ ಇಟ್ಟು, "ಇನ್ನೊಂದು ಕಾಪಿನೂ ಮಾಡಿಡೋ" ಎಂದರು. ನನ್ನ ಗಂಡ ನೋಡಿದೆಯಾ ಎನ್ನಲಿಲ್ಲ. ಸದ್ಯ!

ಆಮೇಲೆ ಹಳೆಯದನ್ನು ಆಫ್ ಮಾಡಿ, ಕುತೂಹಲಕ್ಕೆ ಮತ್ತೆ ಆನ್ ಮಾಡಿದರು. ಅದು ಏಳಲಿಲ್ಲ. ಅಕ್ಕ ಅದರ ತಲೆಯನ್ನೊಮ್ಮೆ ಸವರಿ, ಹುಡುಗಿಯ ಬೆನ್ನಿನ ನಕ್ಷೆಯನ್ನು ಕಾಗದಕ್ಕೆ ಇಳಿಸಿ, ನೀಲಿ ಬಟ್ಟೆಯ ಮೇಲಿಟ್ಟು ಗುಂಡುಸೂಜಿ ಚುಚ್ಚಿದಳು. ಒಂದು ಬದಿ ಉದ್ದ, ಒಂದು ಬದಿ ಗಿಡ್ಡ.

ನಾನು ಬಾಗಿಲಲ್ಲೇ ಕೂತು ತಣ್ಣಗಾದ ಟೀ ಕುಡಿದೆ. ಇತ್ತ ಅಣ್ಣತಮ್ಮಂದಿರು ಹರಟುತ್ತಿದ್ದರು. ಅತ್ತ ಕತ್ತರಿ ಬಟ್ಟೆಯ ಮೇಲೆ ಸರಸರನೆ ಓಡುತ್ತಿತ್ತು.