ಕಲ್ಲುಮನೆಗೆ ಹೊತ್ತ ಕುರ್ಚಿ

"ಮೆಲ್ಲಗೆ ಹೊರ್ರೋ ಸೂಳೆಮಕ್ಕಳಾ! ದೊರೆ ಏನು ಕಾಫಿ ಮೂಟೆಯಾ?" ಕೂಲಿಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪ ಹಿಂದಿನಿಂದ ಕಿರುಚಿದ.

"ಮೂಟೆ ಹೂಸು ಬಿಡುದಿಲ್ಲ ರೈಟರೆ," ಎಂದ ಕುರ್ಚಿಯ ಹಿಂಬದಿ ಹೊತ್ತಿದ್ದ ತೋಲ.

ಮುಂದಿದ್ದ ಚಿನ್ನ ನಗಲಿಲ್ಲ. ಅವನ ಅವ್ವ ಸತ್ತು ಒಂಬತ್ತು ದಿನವಾಗಿತ್ತು. ಪಾಲಿಬೆಟ್ಟದ ಎಸ್ಟೇಟಿನ ನಾಲ್ವರು ಎರವ ಕೂಲಿಗಳು ಎರಡು ಬೊಂಬಿಗೆ ಕುರ್ಚಿ ಕಟ್ಟಿ, ಕಾಲು ಉಳುಕಿದ ಬಿಳಿ ದೊರೆಯನ್ನು ಬೆಟ್ಟ ಹತ್ತಿಸುತ್ತಿದ್ದರು. ಸ್ವಾತಂತ್ರ್ಯ ಬಂದು ಐದು ವರ್ಷ. ಕೊಡಗಿಗೆ ತನ್ನದೇ ಮಂತ್ರಿಗಳೂ ಬಂದಿದ್ದರು. ಕುರ್ಚಿ ಮಾತ್ರ ಹಳೆಯದೇ.

ದೊರೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಬೆಳ್ಯಪ್ಪ ಕನ್ನಡಕ್ಕೆ ತಂದ: "ದೊರೆಯವ್ರು ಪೆರು ಅನ್ನೋ ದೇಶಕ್ಕೆ ಹೋಗಿದ್ರಂತೆ. ಅಲ್ಲಿ ಇದಕ್ಕಿಂತ ಎತ್ರದ ಬೆಟ್ಟದಲ್ಲಿ ಇಂಕಾ ರಾಜರ ಪಾಳು ಪಟ್ಣ ಉಂಟಂತೆ."

"ಅಲ್ಲಿಗೂ ಹೊತ್ಕೊಂಡೇ ಹೋದದ್ದಾ?" ಎಂದ ತೋಲ.

"ಬಾಯ್ಮುಚ್ಚು."

"ಆ ಪಟ್ಣದ ಜನ ಎಲ್ಲಿ?" ಚಿನ್ನ ಕೇಳಿದ.

ಬೆಳ್ಯಪ್ಪ ದೊರೆಯನ್ನು ವಿಚಾರಿಸಿ ಹೇಳಿದ: "ಸತ್ರಂತೆ. ಈಗ ಮಡಕೆ ಸಿಗ್ತದಂತೆ."

ನೆತ್ತಿಯಲ್ಲಿ ಕಲ್ಲುಮನೆ. ಮೂರು ಬದಿ ನಿಲ್ಲಿಸಿದ ಚಪ್ಪಡಿ, ಮೇಲೊಂದು ಚಪ್ಪಡಿ. ಪಾಂಡವರು ಕಟ್ಟಿದ್ದೆಂದು ಊರವರು ಹೇಳುತ್ತಿದ್ದರು. ಚಿನ್ನನಿದ್ದ ಕೂಲಿಮನೆಗಳ ಲೈನಿನವರು ಏನೂ ಹೇಳುತ್ತಿರಲಿಲ್ಲ. ಯಾರಾದರೂ ಸತ್ತ ಹನ್ನೊಂದನೆಯ ದಿನ ಮೇಲಿನ ಚಪ್ಪಡಿಯಲ್ಲಿ ಒಂದೆಲೆ ಅನ್ನವಿಟ್ಟು, ಹೆಸರು ಕೂಗಿ ಇಳಿಯುತ್ತಿದ್ದರು. ಅಲ್ಲಿಯವರೆಗೆ ಸತ್ತವರಿಗೆ ಮನೆಯಿಲ್ಲ.

ಕುರ್ಚಿಯಿಂದ ಇಳಿದ ದೊರೆ ಕೋಲಿನಿಂದ ಅದೇ ಚಪ್ಪಡಿಯನ್ನು ತಟ್ಟಿದ.

"ಒಳಗೆ ಹಳೇ ಮಡಕೆ ಇರ್ತದಂತೆ. ಕುರ್ಚಿಯ ಬೊಂಬು ಬಿಚ್ಚಿ. ಕಲ್ಲು ಮೀಟಿ ಕೆಡವಿ," ಎಂದ ಬೆಳ್ಯಪ್ಪ.

"ನಾಡಿದ್ದು ಅವ್ವನ ಅನ್ನ ರೈಟರೆ. ಇದ್ರ ಮೇಲೇ ಇಡ್ಬೇಕು."

"ನಿನ್ನವ್ವ ಏನು ಪಾಂಡವರ ಪೈಕಿಯಾ? ಬದುಕಿದ್ದಾಗ ಅನ್ನ ಕಾಣದ ಮುದುಕಿ! ಲೈನಿನ ಬಾಗಿಲಲ್ಲಿ ಇಡು, ನಾಯಿ ತಿಂತದೆ. ಬಿಚ್ಚೋ!"

ಚಿನ್ನ ಕುರ್ಚಿಯ ಹಗ್ಗ ಬಿಚ್ಚಿದ. ಒಂದು ಬೊಂಬನ್ನು ಎಳೆದು ಹೆಗಲಿಗೇರಿಸಿ, ಬಂದ ದಾರಿಯಲ್ಲೇ ಇಳಿಯತೊಡಗಿದ. ಇನ್ನೊಂದನ್ನು ತೋಲ ಹೊತ್ತ. ಉಳಿದಿಬ್ಬರು ಬರಿಗೈಯಲ್ಲಿ ಹಿಂದೆ ನಡೆದರು.

"ಏಯ್! ದೊರೆಯನ್ನ ಯಾರ್ರೋ ಇಳಿಸುದು?"

"ನಾಡಿದ್ದು ಬರ್ತೇವೆ," ಎಂದ ಚಿನ್ನ, ತಿರುಗದೆ.

"ಲೈನು ಖಾಲಿ ಮಾಡಿಸ್ತೇನೆ, ಬೋಳಿಮಕ್ಕಳಾ!"

ಮಾಡಿಸುತ್ತಾನೆ, ಅದು ಚಿನ್ನನಿಗೆ ಗೊತ್ತಿತ್ತು. ಖಾಲಿ ಮಾಡಲು ಅಲ್ಲಿ ಒಂದು ಕಂಬಳಿ ಇತ್ತು.

ಕಾಡಿನ ಅಂಚಿನಲ್ಲಿ ನಾಲ್ವರೂ ನಿಂತು ಮೇಲೆ ನೋಡಿದರು. ಸುಡುಬಿಸಿಲಿನಲ್ಲಿ ಬೆಳ್ಯಪ್ಪ ಬೆನ್ನು ಬಗ್ಗಿಸಿ ಕುಕ್ಕರುಗಾಲಲ್ಲಿ ಕೂತಿದ್ದ. ದೊರೆ ಅವನ ಕುತ್ತಿಗೆ ಬಳಸಿ ಬೆನ್ನೇರಿದ.

ಬೆಳ್ಯಪ್ಪನಿಗೆ ಏಳಲಾಗಲಿಲ್ಲ.