ಕಹಿಬೇರಿನ ರಸಕ್ಕೆ ಮೊದಲು

ರಾಜಿ ಪಂಚಾಯ್ತಿಯಲ್ಲಿ ಲಾಮುನುವಿನ ಕಡೆಯವರಾಗಿ ಕೂರಲು ಜರ್ಮನಿಯಲ್ಲಿ ಅವಳ ಬಂಧುಗಳು ಯಾರೂ ಇರಲಿಲ್ಲ. ಹಾಗಾಗಿ ಬಾಗಲಕೋಟೆಯ ನಾನು ಕೂತೆ. ಸ್ಟುಟ್‌ಗಾರ್ಟ್‌ನಲ್ಲಿ ನಮ್ಮಿಬ್ಬರದು ಎದುರುಬದುರು ಮನೆ. ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದ ನನ್ನ ಗಂಡ ಕೆಲಸಕ್ಕೆ ಹೋದಮೇಲೆ ಮಾತಿಗೆ ಸಿಗುತ್ತಿದ್ದವಳು ಅವಳೊಬ್ಬಳೇ.

ಉಗಾಂಡಾದ ಅಂತರ್ಯುದ್ಧದಲ್ಲಿ ಅವಳ ತಮ್ಮನನ್ನು ಒಚಾಯ ಎಂಬವನು ಕೊಂದಿದ್ದ. ಹೆಣ ಸಿಕ್ಕಿರಲಿಲ್ಲ. ಆ ಒಚಾಯ ಈಗ ಫ್ರಾಂಕ್‌ಫರ್ಟ್‌ನಲ್ಲಿದ್ದ. ಅವರ ಅಚೋಲಿ ಜನರಲ್ಲಿ ಒಂದು ಪದ್ಧತಿಯಿದೆ. ಕೊಂದವನು ಎಲ್ಲರೆದುರು ನಿಜ ಒಪ್ಪಿಕೊಳ್ಳಬೇಕು. ಆಮೇಲೆ ಎರಡೂ ಕಡೆಯವರು ಒಂದೇ ಸೋರೆಬುರುಡೆಯಿಂದ ಕಹಿಬೇರಿನ ರಸ ಕುಡಿಯಬೇಕು. ಅಲ್ಲಿಗೆ ವೈರ ಮುಗಿಯಿತು.

ನಮ್ಮಪ್ಪ ಶಿವಲಿಂಗಯ್ಯನೂ ಊರ ಕಟ್ಟೆಯ ಮೇಲೆ ನ್ಯಾಯ ಬಗೆಹರಿಸುತ್ತಿದ್ದ. "ಆಗಿದ್ದಾತು, ಎಲಿ-ಅಡಿಕಿ ಹಾಕ್ಕೊಳ್ರಿ" ಅನ್ನುತ್ತಿದ್ದ. ಪೆಟ್ಟು ತಿಂದವರು ಬಾಯಿ ಮುಚ್ಚಿಕೊಂಡು ಅಡಿಕೆ ಅಗಿಯುತ್ತ ಮನೆಗೆ ಹೋಗುತ್ತಿದ್ದರು.

ಚರ್ಚಿನ ಹಾಲ್‌ನಲ್ಲಿ ಸುತ್ತಮುತ್ತಲಿನ ಅಚೋಲಿ ಜನರೆಲ್ಲ ಸೇರಿದ್ದರು. ಬೇರು ತಂದಿದ್ದ ಅವರ ಹಿರಿಯ ನಡುವೆ ಕೂತಿದ್ದ. ನನಗೆ ತಿಳಿಯಲೆಂದು ಇಂಗ್ಲಿಷ್‌ನಲ್ಲೇ ಮಾತು.

ಒಚಾಯ ಎದ್ದ. "ಯುದ್ಧದಲ್ಲಿ ಏನೇನೋ ನಡೆಯಿತು. ಬಹಳ ಜನ ಸತ್ತರು. ನನಗೂ ದುಃಖವಿದೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಹಿರಿಯನಿಗೆ ಅಷ್ಟೇ ಸಾಕಾಯಿತು. ಬುರುಡೆಯನ್ನು ಮುಂದೆ ಮಾಡಿದ.

ಲಾಮುನು ಬಗ್ಗಲಿಲ್ಲ. "ನನ್ನ ತಮ್ಮ ಎಲ್ಲಿದ್ದಾನೆ?"

ಹಿರಿಯ ನನ್ನತ್ತ ತಿರುಗಿದ. "ನೀನು ಅವಳ ಕಡೆಯವಳು. ಹಳೆಯದನ್ನು ಕೆದಕಬೇಡ ಅಂತ ಬುದ್ಧಿ ಹೇಳು."

ನನಗೆ ಮೈಯೆಲ್ಲ ಉರಿಯಿತು. ಕಲಿತ ಇಂಗ್ಲಿಷ್ ಎಲ್ಲಿ ಹೋಯಿತೋ!

"ಯಾಕ ಹೇಳ್ಲಿ? ಕೊಂದಾಂವ ಬಾಯಿ ಬಿಡೂದಿಲ್ಲ, ಅಕ್ಕನ ಬಾಯಿ ಮುಚ್ಚಸ್ತೀರೇನು? ಹೆಣಾ ಎಲ್ಲೈತಿ, ಹೇಳಲೇ ಮೊದಲ!"

ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಆದರೆ ನನ್ನ ಬೆರಳು ಒಚಾಯನ ಮುಖಕ್ಕೇ ನೆಟ್ಟಿತ್ತು. ಎಲ್ಲರೂ ಅವನನ್ನೇ ನೋಡತೊಡಗಿದರು.

ಅವನು ಕುಸಿದು ಕೂತ. "ನಾನೇ ಹೊಡೆದೆ. ನಿಮ್ಮೂರ ಶಾಲೆಯ ಹಿಂದೆ ಹಾಳುಬಾವಿ ಇದೆ. ಅದರಲ್ಲಿ ಹಾಕಿದೆ."

ಲಾಮುನು ಗೋಳೋ ಎಂದು ಅತ್ತಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಇಷ್ಟು ವರ್ಷ ಅವಳು ತಮ್ಮನಿಗಾಗಿ ಯಾವ ದಿಕ್ಕಿಗೆ ತಿರುಗಿ ಅಳಬೇಕಿತ್ತು?

ಕೆಲಸ ಮುಗಿಯಿತೆಂದು ಹಿರಿಯ ಮತ್ತೆ ಬುರುಡೆ ತಂದ. ಅವಳು ಅದನ್ನು ಕೈಯಿಂದ ಸರಿಸಿದಳು.

"ಈ ಮಾತನ್ನು ಇವನು ಊರಲ್ಲಿರುವ ನನ್ನ ತಾಯಿಯ ಎದುರು ಹೇಳಲಿ. ಬಾವಿಗಿಳಿದು ಮೂಳೆಗಳನ್ನು ಇವನೇ ಎತ್ತಿ ಅವಳ ಉಡಿಗೆ ಹಾಕಲಿ. ಆಮೇಲೆ ಕುಡಿಯುತ್ತೇನೆ."

"ಅಷ್ಟು ದೂರ ಹೋಗುವುದು ಅವನಿಂದ ಆದೀತೇನಮ್ಮಾ?" ಎಂದ ಹಿರಿಯ.

ಲಾಮುನು ಕಣ್ಣೊರೆಸಿಕೊಂಡಳು. "ಕೊಂದು ಇಷ್ಟು ದೂರ ಬರುವುದು ಆಯಿತಲ್ಲ!"