ಪಟ್ಟಿಗೆ ಸೇರಿದ ತಂಗಿ

ನಿದ್ದೆ ಹತ್ತುವ ಹೊತ್ತಿಗೆ ಫೋನು ಟಿಣ್ ಎಂದಿತು. ಗಂಡ ಮಗ್ಗುಲು ಬದಲಿಸಿದರು. ಬೆಳಕನ್ನು ಅಂಗೈಯಲ್ಲಿ ಮರೆಮಾಡಿ ಅಪರಿಚಿತ ಓದುಗನೊಬ್ಬನ ಸಂದೇಶ ಓದಿದೆ.

‘ಪತ್ತೇದಾರನಿಗೆ ಕುಂಟುವ ತಂಗಿ ಇದ್ದದ್ದು ನಿಮ್ಮ ಕತೆಯಲ್ಲಿ ಮಾತ್ರ. ಅವರ ಹೊಸ ಪುಸ್ತಕದೊಳಗೆ ಹೇಗೆ ಬಂದಳು?’

ಪತ್ತೇದಾರ ನನ್ನವನಲ್ಲ. ನಮ್ಮ ಪ್ರಕಾಶನದ ಹಿರಿಯ ಲೇಖಕರು ಹದಿನೆಂಟು ಕಾದಂಬರಿಗಳಲ್ಲಿ ಬೆಳೆಸಿದ ಪಾತ್ರ. ನಾನು ಅಲ್ಲಿ ಕರಡು ತಿದ್ದುವವಳು. ಅವನ ವಯಸ್ಸು, ಗಾಯದ ಗುರುತು, ಬಂಧುಬಳಗವನ್ನೆಲ್ಲ ಪಟ್ಟಿ ಮಾಡಿ ಲೇಖಕರಿಗೆ ಕಳಿಸುವುದೂ ನನ್ನದೇ ಕೆಲಸ. ಅಭಿಮಾನ ತಡೆಯಲಾರದೆ, ಬೇರೆ ಹೆಸರಿನಲ್ಲಿ, ಅವನ ಬಗ್ಗೆ ಅಂತರ್ಜಾಲದಲ್ಲಿ ಕತೆ ಬರೆಯುತ್ತಿದ್ದುದು ಗುಟ್ಟು. ಸಂಸ್ಥೆಯ ಪಾತ್ರಗಳನ್ನು ಅನುಮತಿಯಿಲ್ಲದೆ ಬಳಸಿದರೆ ವಜಾ ಎಂಬ ಷರತ್ತಿಗೆ ಸಹಿ ಹಾಕಿದವಳು ನಾನು.

ಅಡುಗೆಮನೆಯಲ್ಲಿ ಕೂತು ಕಚೇರಿಯ ಪಟ್ಟಿ ತೆರೆದೆ. ಪತ್ತೇದಾರನ ಸೋದರಮಾವನ ಹೆಸರಿನ ಕೆಳಗೆ: ‘ತಂಗಿ, ಎಡಗಾಲು ಕುಂಟು, ಕಿಟಕಿ ಬಳಿ ಗಡಿಯಾರ ರಿಪೇರಿ.’ ಯಾವ ಪುಸ್ತಕ, ಯಾವ ಪುಟ ಎಂದು ಬರೆಯುವ ಜಾಗ ಖಾಲಿ. ಈ ಪಟ್ಟಿ, ನನ್ನ ಕತೆ ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಂಡ ಯಾವುದೋ ಸಂಜೆ ನನ್ನ ಕೈಯೇ ಅವಳನ್ನು ಇಲ್ಲಿಗೆ ತಂದಿತ್ತು. ಅಂತರ್ಜಾಲದಿಂದ ಕತೆಯನ್ನು ಅಳಿಸಿದೆ. ಓದಿದವರು ಉಳಿಸಿಟ್ಟುಕೊಂಡಿರಲಾರರೇ?

ಬೆಳಿಗ್ಗೆ ಸಂಪಾದಕಿಯ ಕೋಣೆಗೆ ಕರೆ ಬಂತು. ಲೇಖಕರ ಪಕ್ಕ ಸಂಸ್ಥೆಯ ವಕೀಲರು ಕೂತಿದ್ದರು.

“ಬಾಮ್ಮ,” ಎಂದರು ಲೇಖಕರು. “ಯಾರೋ ಓದುಗ ಕಚೇರಿಗೆ ಮೇಲ್ ಮಾಡಿದಾನೆ, ನಾನು ತಂಗೀನ ಕದ್ದೆನಂತೆ. ಕದಿಯೋದೇ ಆದ್ರೆ ಇನ್ನೂ ಚೆನ್ನಾಗಿರೋದನ್ನ ಕದೀತಿರ್ಲಿಲ್ವಾ?”

“ಆ ಕತೆ ಬರೆದವರು ಸಿಕ್ಲಿ, ನಾವೇ ನೋಟಿಸ್ ಕೊಡ್ತೀವಿ,” ಎಂದರು ವಕೀಲರು. ನನ್ನತ್ತ ತಿರುಗಿ, “ಈ ತಂಗಿ ಮೊದಲು ಬಂದದ್ದು ಯಾವ ಪುಸ್ತಕದಲ್ಲಿ, ಮೇಡಂ?”

ಮೇಜಿನ ಮೇಲಿದ್ದ ನನ್ನ ಪಟ್ಟಿಯ ಹಾಳೆ ತಿರುವಿದೆ. ಲೇಖಕರೇ ಕೈಬೀಸಿದರು.

“ಅವಳನ್ನೇನು ಕೇಳ್ತೀರಿ? ಎರಡನೇ ಕಾದಂಬರಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಆ ತಂಗಿ ಇದ್ಳು. ಪುಸ್ತಕ ಮಾಡೋವಾಗ ಕಿತ್ತುಹಾಕಿದೆ. ಪತ್ರಿಕೆ ಮುಚ್ಚಿ ಯಾವ ಕಾಲ ಆಯ್ತೋ. ನಾನೇ ಮರೆತಿದ್ದೆ, ಈಕೆ ಪಟ್ಟಿ ನೋಡಿ ನೆನಪಾಯ್ತು. ಕಿಟಕಿ ಹತ್ರ ಕೂತು ಗಡಿಯಾರ ಬಿಚ್ತಿರ್ತಾಳೆ, ಪಾಪ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಪಟ್ಟಿಯ ಸಾಲನ್ನೇ ತಮ್ಮ ನೆನಪೆಂದು ನಂಬಿದ್ದರು; ಅವಳು ನಿಜವಾಗಿಯೂ ಅವರ ಕಣ್ಣೆದುರು ಕೂತಿದ್ದಳು. ಆದರೆ ಆ ಕಾಲು, ಆ ಕಿಟಕಿ, ಆ ಗಡಿಯಾರಗಳೆಲ್ಲ ನನ್ನ ಚಿಕ್ಕಮ್ಮನವು; ಅವಳನ್ನು ನೋಡಿಯೇ ನಾನು ತಂಗಿಯನ್ನು ಬರೆದದ್ದು.

“ಹಾಗಾದ್ರೆ ಈ ಪಟ್ಟಿಯೇ ಸಾಕ್ಷಿ,” ಎಂದರು ವಕೀಲರು.

ಖಾಲಿ ಜಾಗದಲ್ಲಿ ಅವರೇ ‘ಧಾರಾವಾಹಿ, ಪ್ರತಿ ಲಭ್ಯವಿಲ್ಲ’ ಎಂದು ತುಂಬಿಸಿದರು. ಕೆಳಗೆ ನಾನು ಸಹಿ ಹಾಕಿದೆ.

“ಯಾಕೆ, ಮುಖ ಬಾಡಿದೆ?” ಸಂಜೆ ಗಂಡ ಕೇಳಿದರು.

“ತಲೆನೋವು.”

ಫೋನು ಮತ್ತೆ ಟಿಣ್ ಎಂದಿತು. ಅದರ ಸದ್ದಡಗಿಸಿ ಮಗುಚಿಟ್ಟೆ. ಇವರಿಗೂ ಹೇಳಬಾರದು, ಚಿಕ್ಕಮ್ಮನಿಗಂತೂ ಹೇಳಲೇಬಾರದು. ಯಾರಿಗೂ ಹೇಳುವುದಿಲ್ಲ.